ನಾಲ್ಕು ಮೂಲೆಗೆ ಬೇಕಾದ ಎಣ್ಣೆ

ನಮ್ಮ ಊರಿನಲ್ಲಿ ಮನೆಗಳು ಸರಿಯುವುದು ಮಧ್ಯಾಹ್ನ ಸರಿಯಾಗಿ ಒಂದು ಗಂಟೆಗೆ. ಎಲ್ಲ ಮನೆಗಳೂ ಅಲ್ಲ, ನಾಲ್ಕು ಮೂಲೆಗೆ ಗುಡ್ಡದ ಎಣ್ಣೆ ಹಚ್ಚದ ಮನೆಗಳು ಮಾತ್ರ. ಸರಿಯುವಾಗ ಸದ್ದಾಗುವುದಿಲ್ಲ, ಗೋಡೆ ಬಿರಿಯುವುದಿಲ್ಲ. ಆದರೂ ಆ ಹೊತ್ತಿಗೆ ಯಾರೂ ಒಲೆಯ ಮೇಲೆ ತುಂಬಿದ ಪಾತ್ರೆ ಇಡುವುದಿಲ್ಲ, ಯಾರೂ ಕ್ಷೌರಿಕನ ಮುಂದೆ ಕೂರುವುದಿಲ್ಲ. ಅಂಚೆಯವನು ಪತ್ರದ ಚೀಲ ಹೆಗಲಿಗೆ ಹಾಕುವುದು ಎರಡು ಗಂಟೆಯ ಮೇಲೆ. ಪ್ರತಿ ಮನೆಗೂ ಅದರದೇ ದಿಕ್ಕು, ಅದರದೇ ಅಳತೆ. ಕೆಲವು ದಿನಕ್ಕೆ ಒಂದು ಗೇಣು ಹೋಗುತ್ತವೆ, ಕೆಲವು ಮೂರು ನಾಲ್ಕು ಅಡಿ. ಹಗ್ಗ ಕಟ್ಟಿ ನೋಡಿದ್ದೇವೆ. ಹಗ್ಗ ಹರಿಯುತ್ತದೆ.

ನಾನು ಊರಿನ ದಿನಪತ್ರಿಕೆಯ ವರದಿಗಾರ. ಐವತ್ತು ಅಡಿಯ ಟೇಪು ಹಿಡಿದು ದಿನವೂ ಎರಡು ಗಂಟೆಗೆ ಹೊರಡುತ್ತೇನೆ. ಯಾವ ಮನೆ ಎಲ್ಲಿಂದ ಎಲ್ಲಿಗೆ ಬಂತು ಎಂಬ ಪಟ್ಟಿ ಮರುದಿನ ಎರಡನೇ ಪುಟದಲ್ಲಿ ಬರುತ್ತದೆ. ಹದಿನಾರು ವರ್ಷಗಳಲ್ಲಿ ಮೂರು ಸಲ ತಿದ್ದುಪಡಿ ಹಾಕಬೇಕಾಯಿತು. ಮೂರೂ ನೆನಪಿವೆ. ಒಂದು ಮೂಲೆಗೆ ಅರ್ಧ ಸೇರು ಎಣ್ಣೆ ಬೇಕು, ಒಂದು ಮನೆಗೆ ಎರಡು ಸೇರು. ಹಚ್ಚಿದರೆ ಒಂದು ವರ್ಷ ಮನೆ ಕದಲುವುದಿಲ್ಲ. ಊರಿನಲ್ಲಿ ಮನೆಗಳು ಇನ್ನೂರ ಹದಿನಾಲ್ಕು.

ಎಣ್ಣೆ ಬರುತ್ತಿದ್ದುದು ಊರ ಹಿಂದಿನ ಮರಳುಗಲ್ಲಿನ ಗುಡ್ಡದಿಂದ. ಅಲ್ಲಿ ಎರಡು ಬಾವಿಗಳಿವೆ, ಮೇಲಿನದು ಮತ್ತು ಕೆಳಗಿನದು, ನಡುವೆ ತೊಂಬತ್ತು ಅಡಿ ಕಲ್ಲು. ಅಜ್ಜಂದಿರ ಕಾಲದಲ್ಲಿ ಕೆಳಗಿನ ಬಾವಿಯಲ್ಲಿ ಎಣ್ಣೆ ತಾನಾಗಿ ಒಸರುತ್ತಿತ್ತಂತೆ. ಅದು ನಿಂತ ಮೇಲೆ ಮೇಲಿನ ಬಾವಿಗೆ ನೀರು ಸುರಿಯತೊಡಗಿದರು. ನೀರು ಕಲ್ಲಿನೊಳಗೆ ಇಳಿದು, ಎಣ್ಣೆಯನ್ನು ಮುಂದೆ ತಳ್ಳಿಕೊಂಡು, ಒಂದು ಹಗಲು ಒಂದು ರಾತ್ರಿಯಲ್ಲಿ ಕೆಳಗಿನ ಬಾವಿಗೆ ಬರುತ್ತಿತ್ತು. ನಲವತ್ತು ವರ್ಷ ಹಾಗೆ ನಡೆಯಿತು. ಆಮೇಲೆ ಕೊಡಕ್ಕೆ ಕಾಲು ಭಾಗ ಎಣ್ಣೆ, ಆಮೇಲೆ ಮೇಲೊಂದು ತೆಳು ಪದರ. ಕಳೆದ ಬೇಸಿಗೆಯಲ್ಲಿ ಬರೀ ನೀರು. ಬಾವಿ ಕಾಯುವ ದಸ್ತಗೀರಸಾಬರು ಹಗ್ಗ ಸುತ್ತಿಟ್ಟು, "ಕಲ್ಲು ಖಾಲಿ ಆತು" ಅಂದರು. ನಾನು ಅದನ್ನೇ ಬರೆದೆ. ನಾಲ್ಕನೆಯ ತಿದ್ದುಪಡಿ ಅದೇ ಆಗಬೇಕಾಯಿತು.

ಹಚ್ಚಿದ ಎಣ್ಣೆಯ ಅವಧಿ ಒಂದೊಂದೇ ಮನೆಗೆ ಮುಗಿಯುತ್ತ ಬಂತು. ಒಂದು ಸೋಮವಾರದ ಹೊತ್ತಿಗೆ ಹದಿನೇಳು ಮನೆಗಳು ಸರಿಯುತ್ತಿದ್ದವು. ಹದಿನಾರು ಮನೆಗಳ ಮುಂದೆ ಬಯಲಿತ್ತು, ಗದ್ದೆಯಿತ್ತು. ಹದಿನೇಳನೆಯದು ನೀಲಗಂಗವ್ವನದು. ಅದರ ಹಿಂದೆ ಇದ್ದದ್ದು ಕೊಳ್ಳ.

ನೀಲಗಂಗವ್ವ ಹಸಿ ರೇಷ್ಮೆಯ ಅಂಟು ಬಿಡಿಸುವವಳು. ಹುಳುವಿನ ಗೂಡಿನಿಂದ ತೆಗೆದ ನೂಲಿನ ಮೇಲೆ ಅಂಟು ಇರುತ್ತದೆ. ಸಾಬೂನು, ಸೋಡಾ ಹಾಕಿದ ಕುದಿಯುವ ನೀರಿನಲ್ಲಿ ಅದನ್ನು ತಿರುವಿದರೆ ಅಂಟು ಬಿಟ್ಟು ರೇಷ್ಮೆ ಹೊಳೆಯುತ್ತದೆ. ಊರಿನ ಮಗ್ಗಗಳೆಲ್ಲ ಅವಳ ಮೂರು ತಾಮ್ರದ ಹಂಡೆಗಳನ್ನು ನಂಬಿದ್ದವು. ಮನೆಯ ಮುಂಭಾಗದಲ್ಲಿ ಕಲ್ಲಿನ ಒಲೆಗೆ ಸೇರಿಸಿ ಅವಳ ಅತ್ತೆ ಕೂಡಿಸಿದ ಹಂಡೆಗಳು ಅವು. ಒಲೆ ಒಡೆಯದೆ ಹೊರಗೆ ತೆಗೆಯಲಾಗುವುದಿಲ್ಲ, ಒಲೆ ಒಡೆದರೆ ಹಂಡೆಯ ತಳ ಹರಿಯುತ್ತದೆ.

ಆ ಸೋಮವಾರ ನಾನು ಅಳೆದೆ. ಹಿಂದಿನ ಗೋಡೆಯಿಂದ ಕೊಳ್ಳದ ಅಂಚಿಗೆ ಮೂವತ್ತೊಂದು ಅಡಿ. ದಿನಕ್ಕೆ ನಾಲ್ಕು ಅಡಿ ಸರಿಯುವ ಮನೆ. ಮನೆಯ ಉದ್ದ ಇಪ್ಪತ್ತನಾಲ್ಕು ಅಡಿ, ಅರ್ಧ ಹೊರಗೆ ಹೋದರೆ ಉರುಳುತ್ತದೆ. ಹೊಸಿಲಲ್ಲೇ ಕೂತು ಲೆಕ್ಕ ಹಾಕಿದೆ.

"ಎಷ್ಟು ದಿನಾ ಐತ್ರಿ ಪೇಪರ್‌ನವರ?" ಎಂದಳು, ನೂಲು ತಿರುವುತ್ತಲೇ.

"ಬರೂ ವಾರದ ಗುರುವಾರದ ತನಕಾ ತಡೀತೈತಿ ಅಕ್ಕಾರ. ಅದರ ಮರುದಿನಾ, ಶುಕ್ರವಾರ ಒಂದು ಗಂಟೆಗೆ ಹೋಗತೈತಿ."

"ನೋಡ್ರಿ, ಮನಿ ಹೋದ್ರ ಮರದ ಬುಡಕ ಮಲಗೇನು. ಹಂಡೆ ಹೋದ್ರ ಈ ಕೈ ಎಲ್ಲಿಡ್ಲಿ?"

ದಾರಿ ಕಾಣದಾಗ ಅಳೆಯುವುದು ನನ್ನ ರೂಢಿ. ಮಂಗಳವಾರ ಕೆಳಗಿನ ಬಾವಿಯ ಗೋಡೆಯಿಂದ ಒಂದು ಕಲ್ಲಿನ ಚೂರು ಒಡೆದು ತಂದು, ಬಿಸಿಲಿನಲ್ಲಿ ನೀರು ಆರಿಸಿ ತೂಗಿದೆ. ನೂರು ತೊಲ. ಕಬ್ಬಿಣದ ಬಾಣಲೆಯಲ್ಲಿಟ್ಟು ಕೆಂಡದ ಮೇಲೆ ಇಟ್ಟೆ. ಕಲ್ಲು ಹೊತ್ತಿಕೊಂಡಿತು! ಮುಷ್ಟಿಯಷ್ಟು ಕಲ್ಲು ಮುಕ್ಕಾಲು ಗಂಟೆ ಉರಿಯಿತು. ಆರಿದ ಮೇಲೆ ತೂಗಿದೆ, ತೊಂಬತ್ತೈದು ತೊಲ. ತಕ್ಕಡಿ ಸರಿಯಿಲ್ಲವೇನೋ ಎಂದು ಪಕ್ಕದ ಅಂಗಡಿಯ ತಕ್ಕಡಿಯಲ್ಲೂ ತೂಗಿದೆ. ತೊಂಬತ್ತೈದೇ. ನೂರು ತೊಲ ಕಲ್ಲಿನಲ್ಲಿ ಐದು ತೊಲ ಎಣ್ಣೆ ಇನ್ನೂ ಕೂತಿತ್ತು. ಗುಡ್ಡ ಎಷ್ಟು ದೊಡ್ಡದು ಎಂದು ನೆನೆದು ಪತ್ರಿಕೆಯ ಕಚೇರಿಗೆ ಓಡಿದೆ. ಬುಧವಾರದ ಪತ್ರಿಕೆಯ ಮೊದಲ ಪುಟದಲ್ಲಿ ತಿದ್ದುಪಡಿ ಹಾಕಿದೆವು: ಕಲ್ಲು ಖಾಲಿಯಾಗಿಲ್ಲ.

ದಸ್ತಗೀರಸಾಬರು ಪತ್ರಿಕೆ ಹಿಡಿದು ಕಚೇರಿಗೇ ಬಂದರು. "ಏನೋ ತಮ್ಮಾ, ನಲವತ್ತು ವರ್ಷ ನೀರು ಸುರದೀನಿ. ಎಣ್ಣಿ ಇದ್ರ ನನಗ ಹೇಳ್ತಿರಲಿಲ್ಲೇನು ಅದು?"

"ಐತಿ ಕಾಕಾ. ಬರವಲ್ದು, ಅಷ್ಟ."

"ಬರದ ಎಣ್ಣಿ ಇದ್ರೇನು, ಬಿಟ್ರೇನು?"

ಈ ಪ್ರಶ್ನೆಯನ್ನು ನೀಲಗಂಗವ್ವ ಮತ್ತೊಬ್ಬರ ಬಾಯಿಂದ ಕೇಳಿದಳು. ನನಗೆ ಹೇಳಿಕಳಿಸಿದಳು, ಬರುವಾಗ ಬಾವಿಯ ಕಲ್ಲು ಎರಡು ಚೂರು ತರಬೇಕೆಂದು. ಎರಡು ಗಾಜಿನ ಉಪ್ಪಿನಕಾಯಿ ಭರಣಿ ತೊಳೆದಿಟ್ಟಿದ್ದಳು. ಒಂದರಲ್ಲಿ ಬರೀ ಬಿಸಿನೀರು, ಇನ್ನೊಂದರಲ್ಲಿ ಹಂಡೆಯ ಸಾಬೂನು ನೀರು. ಎರಡರಲ್ಲೂ ಒಂದೊಂದು ಚೂರು ಇಳಿಬಿಟ್ಟಳು. ಗುರುವಾರ ಬೆಳಿಗ್ಗೆ ನೋಡಿದರೆ ಬರೀ ನೀರಿನ ಭರಣಿ ಹಾಗೆಯೇ ಇತ್ತು. ಸಾಬೂನು ನೀರಿನ ಕಲ್ಲಿನ ಮೈಮೇಲೆ ಕಪ್ಪು ಹನಿಗಳು ಮೂಡಿದ್ದವು. ನಾವು ನೋಡುತ್ತಿದ್ದಂತೆ ಒಂದು ಹನಿ ಉದ್ದವಾಯಿತು, ಕುತ್ತಿಗೆ ತೆಳ್ಳಗಾಯಿತು, ಕಲ್ಲನ್ನು ಬಿಟ್ಟು ಮೇಲಕ್ಕೆ ತೇಲಿತು. ಮೇಲೆ ಆಗಲೇ ಅರ್ಧ ಬೆರಳು ದಪ್ಪ ಎಣ್ಣೆ ನಿಂತಿತ್ತು.

"ನೋಡಿದ್ರಿಲ್ಲೋ?" ಎಂದಳು. "ಹನಿ ಅನ್ನೂದು ದುಂಡಗ ಬಿಗಿ ಹಿಡಕೊಂಡು ಕುಂತಿರತೈತ್ರಿ. ಸಣ್ಣ ಸಂದಿ ಬಾಯಾಗ ಸಿಕ್ಕೊಂಡಿರತೈತಿ. ನೀರು ದೂಡಿದ್ರ ಅದು ಹಿಗ್ಗೂದಿಲ್ಲ, ಕುಗ್ಗೂದಿಲ್ಲ. ನೀರೇನು ಶಾಣೇದು, ಬಾಜೂ ಸಂದ್ಯಾಗಿಂದ ಹೊಂಟ್ಹೋಗತೈತಿ. ಸಾಬೂನು ಹಾಕಿದ್ರ ಆ ಬಿಗಿ ಸಡ್ಲ ಆಗತೈತಿ. ಸಡ್ಲಾದ ಹನಿ ನೂಲಿನಂಗ ಉದ್ದಾಗಿ ಪಾರಾಗತೈತಿ. ಮುಂದ ಇನ್ನೊಂದು ಹನಿ ಸಿಗತೈತಿ, ಅದನ್ನ ಕೂಡಿಕೋತೈತಿ."

ನಾನು ಬರೆದುಕೊಂಡೆ. ಅದಕ್ಕಿಂತ ಚೆನ್ನಾಗಿ ಆ ವಿಷಯವನ್ನು ನಾನು ಇಂದಿಗೂ ಬರೆದಿಲ್ಲ.

ದಸ್ತಗೀರಸಾಬರನ್ನು ಕೈಹಿಡಿದು ಎಳೆದು ತಂದೆ. ಭರಣಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು ಹನಿಗಳು ಏಳುವುದನ್ನು ಅರ್ಧ ಗಂಟೆ ನೋಡಿದರು. ಎದ್ದು, "ಎಷ್ಟು ಸಾಬೂನು ಬೇಕವ್ವಾ ತಂಗಿ?" ಎಂದರು.

ಅಂಗಡಿಯಲ್ಲಿದ್ದದ್ದು ಸಾಲದು. ಶುಕ್ರವಾರದ ಪತ್ರಿಕೆಯಲ್ಲಿ ಮನೆಗೆ ಒಂದು ಸಾಬೂನು ಕೇಳಿದೆವು. ಬಂದದ್ದು ಮುನ್ನೂರ ತೊಂಬತ್ತೊಂದು. ಬಟ್ಟೆ ಸಾಬೂನು, ಮೈ ಸಾಬೂನು, ಅರ್ಧ ಸವೆದದ್ದು, ಕೂದಲು ಅಂಟಿದ್ದು, ಮದುವೆಯ ಉಡುಗೊರೆಯಾಗಿ ಬಂದು ಪೆಟ್ಟಿಗೆಯಿಂದ ಹೊರಗೇ ಬರದೆ ಇದ್ದದ್ದು. ಆ ವಾರ ಊರಿನಲ್ಲಿ ಯಾರ ಪಕ್ಕ ಕೂತರೂ ಅವರು ಕೊಟ್ಟಿದ್ದಾರೋ ಇಲ್ಲವೋ ತಿಳಿಯುತ್ತಿತ್ತು. ನೀಲಗಂಗವ್ವ ರಾಶಿಯನ್ನು ಈಳಿಗೆ ಮಣೆಯಲ್ಲಿ ಹೆರೆದು ಮೂರು ಹಂಡೆಗಳಲ್ಲಿ ಕರಗಿಸಿದಳು. ಆ ಮಧ್ಯಾಹ್ನ ಹಂಡೆ, ಒಲೆ, ಬೆಂಕಿ ಸಮೇತ ಮನೆ ನಾಲ್ಕು ಅಡಿ ಕೊಳ್ಳದ ಕಡೆ ಹೋಯಿತು. ಅವಳು ಸೌಟು ನಿಲ್ಲಿಸಲಿಲ್ಲ.

ಶನಿವಾರ ಊರು ಊರೇ ಸಾಲುಗಟ್ಟಿ ನಿಂತಿತು. ಅವಳ ಮನೆಯಿಂದ ಮೇಲಿನ ಬಾವಿಯವರೆಗೆ ಕೊಡಗಳು ಕೈಯಿಂದ ಕೈಗೆ ಹೋದವು. ನಾನು ಬಾವಿಯ ಕಟ್ಟೆಯ ಮೇಲೆ ಕೂತು ಎಣಿಸಿದೆ. ಮುನ್ನೂರು ಕೊಡ ಸಾಬೂನು ನೀರು, ಮುನ್ನೂರು ಹಿಡಿ ಉಪ್ಪು. ನಮ್ಮಲ್ಲಿ ಮೇಲಿನ ಬಾವಿಗೆ ಕೊಡ ಸುರಿದವರು ಒಂದು ಹಿಡಿ ಉಪ್ಪನ್ನೂ ಹಾಕುತ್ತಾರೆ. ನಮ್ಮ ಉಪ್ಪು ತಿಂದ ಕಲ್ಲು ನಮ್ಮನ್ನು ಕೈಬಿಡುವುದಿಲ್ಲ ಎಂಬುದು ಊರಿನ ನಂಬಿಕೆ. ಎಷ್ಟು ಹಳೆಯ ರೂಢಿ ಎಂದರೆ, ಬಾವಿಗೆ ಬರುವವರ ಸೆರಗಿನ ತುದಿಯಲ್ಲಿ, ಧೋತರದ ಗಂಟಿನಲ್ಲಿ ಉಪ್ಪು ಇದ್ದೇ ಇರುತ್ತದೆ. ಎರಡೂ ಸಂಖ್ಯೆಗಳನ್ನು ನೋಟ್‌ಬುಕ್ಕಿನಲ್ಲಿ ಒಂದರ ಕೆಳಗೊಂದು ಬರೆದೆ. ಬರೆದವನು ಓದಲಿಲ್ಲ.

ಭಾನುವಾರ ಕೆಳಗಿನ ಬಾವಿಯಲ್ಲಿ ಏನೂ ಬರಲಿಲ್ಲ. ಎಣ್ಣೆ ಹಾಗಿರಲಿ, ನೀರೂ ಇಲ್ಲ. ಸೋಮವಾರ ಮೇಲಿನ ಬಾವಿಯನ್ನು ಇಣುಕಿದರೆ ಸುರಿದದ್ದು ಸುರಿದಲ್ಲೇ ನಿಂತಿತ್ತು. ಕಲ್ಲು ಬಾಯಿ ಮುಚ್ಚಿತ್ತು.

"ಊರಿಗೇ ಜಳಕ ತಪ್ಪಿಸಿ ಏನ್ ಸಾಧಿಸಿದಿಯೇ ಗಂಗವ್ವಾ?" ಎಂದು ಸಾಲಿನಲ್ಲಿ ನಿಂತಿದ್ದ ಒಬ್ಬ ಹೆಂಗಸು ಕೂಗಿದಳು.

"ನಿನ್ನ ಸಾಬೂನು ನಾನ ಹೆರದೀನಿ. ಪೂರಾ ಹೊಸಾದಿತ್ತು. ಜಳಕ ನಿನಗ ಮೊದಲ ತಪ್ಪೈತಿ ತಗೀ!" ಎಂದಳು ನೀಲಗಂಗವ್ವ. ಜನ ನಕ್ಕರು. ಅವಳು ನಗಲಿಲ್ಲ. ಆ ಮಧ್ಯಾಹ್ನ ನಾನು ಅಳೆದಾಗ ಕೊಳ್ಳಕ್ಕೆ ಮೂರು ಅಡಿ ಉಳಿದಿತ್ತು.

ಮಂಗಳವಾರ ಬೆಳಿಗ್ಗೆ ಹಗ್ಗ ಹಿಡಿದು ಮೇಲಿನ ಬಾವಿಗೆ ಇಳಿದೆ. ನೀರಿನ ಅಂಚಿನಲ್ಲಿ ಗೋಡೆಯ ತುಂಬ ಬಿಳಿ ಮೊಸರಿನಂಥದ್ದು ಅಂಟಿತ್ತು. ಬೆರಳಿನಿಂದ ಕೆರೆದು ಮೂಸಿದೆ, ಸಾಬೂನಿನ ವಾಸನೆ. ನಾಲಿಗೆಗೆ ಮುಟ್ಟಿಸಿದೆ, ಉಪ್ಪು! ಹಗ್ಗದಲ್ಲಿ ತೂಗಾಡುತ್ತಲೇ ನೋಟ್‌ಬುಕ್ ತೆಗೆದು ಶನಿವಾರದ ಪುಟ ನೋಡಿದೆ. ಮುನ್ನೂರು, ಮುನ್ನೂರು. ಅಲ್ಲದೆ ನಲವತ್ತು ವರ್ಷಗಳ ಉಪ್ಪು ಕಲ್ಲಿನೊಳಗಿನ ನೀರಿನಲ್ಲಿ ಇದ್ದೇ ಇತ್ತು. "ಎಳೀರಿ! ನನ್ನ ಮ್ಯಾಲಕ್ಕ ಎಳೀರಿ!" ಎಂದು ಕೂಗಿದೆ.

ನೀಲಗಂಗವ್ವನ ಮನೆಯಲ್ಲಿ ಎರಡು ಲೋಟ ಸಾಬೂನು ನೀರು ಇಟ್ಟು, ಒಂದಕ್ಕೆ ಒಂದು ಹಿಡಿ ಉಪ್ಪು ಹಾಕಿ ಕಲಕಿದೆ. ಸಾಬೂನು ಒಡೆದು ಬಿಳಿ ಹೆಪ್ಪಾಗಿ ಮೇಲೆ ಬಂತು. ಅವಳು ಆ ಹೆಪ್ಪನ್ನು ತೆಗೆದು ಸಿಹಿನೀರಿನ ಚೆಂಬಿಗೆ ಹಾಕಿ ತಿರುವಿದಳು. ಕರಗಿ ಮತ್ತೆ ನೊರೆಯಾಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿದೆವು. ಕಲ್ಲಿನೊಳಗಿನ ಸಾಬೂನು ಕೆಟ್ಟಿರಲಿಲ್ಲ! ಸಿಹಿನೀರು ಸುರಿದು ಉಪ್ಪು ತೊಳೆದರೆ ಅದು ಮತ್ತೆ ಕರಗುತ್ತದೆ. ಸುರಿಯುವವರು ಉಪ್ಪು ಹಾಕಬಾರದು, ಅಷ್ಟೆ.

ಅಷ್ಟೆ ಎನ್ನುವುದು ಸುಲಭ. ದಸ್ತಗೀರಸಾಬರು ಬಾವಿಗೆ ಅಡ್ಡ ನಿಂತರು. "ಉಪ್ಪಿಲ್ದ ಕೊಡ ಸುರಿಯಾಕ ನಾ ಬಿಡೂದಿಲ್ಲ. ಕಲ್ಲಿನ ಕೂಡ ನಮ್ಮ ಮಾತುಕತಿ ಅದು. ಹಾಕೂದು ಬಿಟ್ರ ಇಡೀ ಊರ ಕೊಳ್ಳಕ್ಕ ಹೋದೀತು."

"ಕಾಕಾ, ಉಪ್ಪಿನಿಂದನ ಸಾಬೂನು ಒಡದೈತಿ. ಕಣ್ಣಾರೆ ನೋಡೀನಿ."

"ನಿನ್ನ ಕಣ್ಣು ನಿನ್ನೆ ಮೊನ್ನೆವು."

ಆಗ ನೀಲಗಂಗವ್ವ ಮುಂದೆ ಬಂದಳು. ಎರಡು ವಾರಗಳಲ್ಲಿ ಅವಳ ದನಿ ತಗ್ಗಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. "ಅಣ್ಣಾ, ಉಪ್ಪು ಬ್ಯಾಡಂತ ನಾನೂ ಅನ್ನೂದಿಲ್ಲ. ಕಲ್ಲಿನ ಪಾಲಿಂದು ಯಾರರ ಕೈಯಾಗ ತಗೊಂಡು ಇಟ್ಕೊಂಡ್ರ ಆಗಾಕಿಲ್ಲೇನು? ನಲವತ್ತು ವರ್ಷಾ ಅದರ ಸೇವಾ ಮಾಡಿದಾಂವ ನೀನ. ಕಲ್ಲಿಗೆ ನಿನಗಿಂತಾ ಹತ್ರದಾಂವ ಯಾರದಾನು?"

ಅವರು ಗುಡ್ಡದ ಕಡೆ ಒಮ್ಮೆ ನೋಡಿ ತಲೆಯ ರುಮಾಲು ಬಿಚ್ಚಿದರು. ಕಟ್ಟೆಯ ಪಕ್ಕ ಕೂತು ಅದನ್ನು ಮಡಿಲ ಮೇಲೆ ಹರಡಿ, "ಹಾಕ್ರಿ. ಕಲ್ಲಿನ ಪರವಾಗಿ ನಾ ತಗೋತೀನಿ. ಒಂದು ಕಾಳು ಬಾವಿಗೆ ಬಿದ್ರ ಕೈ ಮುರೀತೀನಿ" ಎಂದರು.

ಸಿಹಿನೀರಿನ ಕೆರೆಯಿಂದ ಗುಡ್ಡಕ್ಕೆ ಮುಕ್ಕಾಲು ಮೈಲಿ. ಆದರೆ ಹದಿನೇಳು ಮನೆಗಳಲ್ಲಿ ಐದು ಮನೆಗಳು ಸರಿದು ಸರಿದು ಕೆರೆಯ ಹಾದಿಯಲ್ಲೇ ನಿಂತಿದ್ದವು. ಆ ಮನೆಯವರನ್ನೇ ಸಾಲಿನ ಮೊದಲಿಗೆ ನಿಲ್ಲಿಸಿದೆವು. ಮಂಗಳವಾರ ಮಧ್ಯಾಹ್ನದಿಂದ ನೀರು ಹರಿಯಿತು. ಪ್ರತಿ ಕೊಡಕ್ಕೂ ಒಂದು ಹಿಡಿ ಉಪ್ಪು ಕಾಕಾನ ಮಡಿಲಿಗೆ. ರುಮಾಲು ತುಂಬಿದಾಗ ಚೀಲಕ್ಕೆ ಸುರಿದು ಮತ್ತೆ ಹರಡುತ್ತಿದ್ದರು. ನಿಂತ ನೀರು ಮೊದಲು ಒಂದು ಬೆರಳು ಇಳಿಯಿತು, ಆಮೇಲೆ ಒಂದು ಗೇಣು. ಬುಧವಾರ ಬೆಳಿಗ್ಗೆ ಕೆಳಗಿನ ಬಾವಿಗೆ ನೀರು ಬರತೊಡಗಿತು. ಕಾಕಾ ಗಂಟೆಗೊಮ್ಮೆ ಬೆರಳು ಅದ್ದಿ ನೆಕ್ಕುತ್ತಿದ್ದರು. "ಉಪ್ಪು." ಮತ್ತೆ, "ಉಪ್ಪು." ಸಂಜೆ ಐದಕ್ಕೆ ನೆಕ್ಕಿದವರು ನಮ್ಮತ್ತ ತಿರುಗಿ, "ಸಪ್ಪ!" ಎಂದು ಕುಣಿದೇಬಿಟ್ಟರು, ಎಪ್ಪತ್ತು ವರ್ಷದ ಮನುಷ್ಯ.

ಮೂರು ಹಂಡೆಗಳಲ್ಲಿ ಉಳಿದಿದ್ದ ಸಾಬೂನನ್ನೆಲ್ಲ ಸುರಿದೆವು. ಅದರ ಬೆನ್ನಿಗೆ ಸಿಹಿನೀರು. ಆ ಹೊತ್ತಿಗೆ ಮನೆ ಐದು ಅಡಿ ಕೊಳ್ಳದ ಮೇಲೆ ಚಾಚಿತ್ತು. ಗುರುವಾರ ಒಂದು ಗಂಟೆಯ ಮೇಲೆ ಒಂಬತ್ತು ಅಡಿ. ನೆಲದ ಮೇಲೆ ಉಳಿದದ್ದು ಹದಿನೈದು. ಗುರುವಾರ ಕತ್ತಲಾಗುವವರೆಗೆ ಕಾದರೂ ಕೆಳಗಿನ ಬಾವಿಯಲ್ಲಿ ಬಂದದ್ದು ನೀರು, ಬರೀ ನೀರು.

ಶುಕ್ರವಾರ ಹತ್ತು ನಲವತ್ತಕ್ಕೆ ಒಂದು ಕಂದು ಎಳೆ ಕಾಣಿಸಿತು. ಕಲ್ಲಿನ ಬಿರುಕಿನಿಂದ ಹೊರಟು ನೀರಿನ ಮೇಲೆ ನೂಲಿನಂತೆ ಬಿಚ್ಚಿಕೊಂಡಿತು. ಇನ್ನೊಂದು ಎಳೆ, ಅದರ ಪಕ್ಕ ಮತ್ತೊಂದು. ಆಮೇಲೆ ಆ ಬಿರುಕೇ ಕಪ್ಪಾಯಿತು. ಎಣ್ಣೆ! ಚದುರಿದ ಹನಿಗಳಾಗಿ ಅಲ್ಲ, ಎಲ್ಲೆಲ್ಲೋ ಸಿಕ್ಕಿಕೊಂಡಿದ್ದವೆಲ್ಲ ಒಂದನ್ನೊಂದು ಕೂಡಿ, ಒಟ್ಟಾಗಿ ಬಂದಿತ್ತು. ಕಾಕಾ ಮೊಳಕಾಲವರೆಗೆ ಇಳಿದು ಎರಡೂ ಕೈಯಲ್ಲಿ ಮೊಗೆದರು. ಅವರು ಅಳುತ್ತಿದ್ದರೋ ಬಯ್ಯುತ್ತಿದ್ದರೋ ನನಗೆ ಖಚಿತವಿಲ್ಲ, ಆದ್ದರಿಂದ ಬರೆಯುವುದಿಲ್ಲ. ಮೊದಲ ಸೇರು ತುಂಬಿದ್ದು ಹನ್ನೊಂದೂವರೆಗೆ, ಎರಡನೆಯದು ಹನ್ನೆರಡು ಹದಿನೈದಕ್ಕೆ.

ಎರಡೂ ಪಾತ್ರೆ ಹಿಡಿದು ಓಡಿದೆವು. ಮುಂದಿನ ಎರಡು ಮೂಲೆಗಳಿಗೆ ಹಚ್ಚಿದ್ದು ಐದೇ ನಿಮಿಷ. ಹಿಂದಿನ ಮೂಲೆಗಳು ಗಾಳಿಯಲ್ಲಿದ್ದವು, ಕೆಳಗೆ ಕೊಳ್ಳ. ಒಳಗಿನಿಂದ ಕಿಟಕಿಯಾಚೆ ಬಗ್ಗಿ, ನೂಲು ತಿರುವುವ ಕೋಲಿಗೆ ಬಟ್ಟೆ ಸುತ್ತಿ ಹಚ್ಚಬೇಕು. ಯಾರಾದರೂ ಆ ತುದಿಗೆ ಹೋದರೆ ಮನೆ ವಾಲಬಹುದು. ನಾನು ಲೆಕ್ಕ ಹಾಕಲು ಹೊರಟೆ.

"ಲೆಕ್ಕಾ ಆಮ್ಯಾಲೆ ಮಾಡ್ರಿ. ಎಲ್ಲಾರೂ ಬಂದು ಮುಂದ ಪಡಸಾಲ್ಯಾಗ ಕುಂದರ್ರಿ. ದಪ್ಪನ್ನ ಮಂದಿ ಮೊದಲ ಬರ್ರಿ!" ಎಂದಳು ನೀಲಗಂಗವ್ವ.

ಜನ ನುಗ್ಗಿದರು. ಪಡಸಾಲೆಯಲ್ಲಿ, ಹಂಡೆಗಳ ಒಳಗೆ, ಒಬ್ಬರ ತೊಡೆಯ ಮೇಲೊಬ್ಬರು ಕೂತರು. ಸೋಮವಾರ ಕೂಗಿದ್ದ ಹೆಂಗಸು ಮೊದಲ ಹಂಡೆಯಲ್ಲಿದ್ದಳು. ನಾನು ಎಣಿಸಿದೆ, ನಲವತ್ತಾರು. ನನ್ನನ್ನೂ ಸೇರಿಸಿ ನಲವತ್ತೇಳು. ನೀಲಗಂಗವ್ವ ಒಬ್ಬಳೇ ಎಣ್ಣೆಯ ಪಾತ್ರೆ ಹಿಡಿದು ಹಿಂದಕ್ಕೆ ನಡೆದಳು. ತೊಲೆ ಒಮ್ಮೆ ಕಿರ್ ಎಂದಿತು. ಎಡಗಡೆಯ ಕಿಟಕಿಯಲ್ಲಿ ಸೊಂಟದವರೆಗೆ ಹೊರಗೆ ಬಗ್ಗಿದಳು, ನಮಗೆ ಕಂಡದ್ದು ಅವಳ ಒಡೆದ ಹಿಮ್ಮಡಿ ಮಾತ್ರ. ಆಮೇಲೆ ಬಲಗಡೆ. ಅವಳು ಪಾತ್ರೆ ಬೋರಲು ಹಾಕಿ ಕೊನೆಯ ಹನಿ ಒರೆಸಿದಾಗ ಗಡಿಯಾರದಲ್ಲಿ ಹನ್ನೆರಡು ಐವತ್ತೆರಡು.

ಎಂಟು ನಿಮಿಷ ಯಾರೂ ಅಲುಗಾಡಲಿಲ್ಲ. ಕಾಕಾ ಕಣ್ಣು ಮುಚ್ಚಿದ್ದರು. ಒಂದು ಗಂಟೆಗೆ ಯಾವ ಸದ್ದೂ ಆಗಲಿಲ್ಲ. ಎಂದೂ ಆಗುವುದಿಲ್ಲವಲ್ಲ, ಅದರಿಂದ ಏನೂ ತಿಳಿಯುವಂತಿರಲಿಲ್ಲ. ನಾನು ಹೊರಗೆ ಜಿಗಿದು, ಬೆಳಿಗ್ಗೆ ಮುಂದಿನ ಗೋಡೆಗೆ ಒತ್ತಿ ಹೂಳಿದ್ದ ಗೂಟದ ಬಳಿ ಮಂಡಿಯೂರಿದೆ. ಗೂಟಕ್ಕೂ ಗೋಡೆಗೂ ನಡುವೆ ನನ್ನ ಉಗುರು ಹೋಗಲಿಲ್ಲ.

"ಸೊನ್ನಿ!" ಎಂದು ಕೂಗಿದೆ.

ಒಳಗೆ ಗದ್ದಲವೋ ಗದ್ದಲ. ಹಂಡೆಯಲ್ಲಿ ಸಿಕ್ಕಿಕೊಂಡವರನ್ನು ಎಳೆಯುತ್ತಿದ್ದರು. ಇನ್ನು ಹದಿನಾರು ಮನೆಗಳಿವೆ, ಮೊದಲು ನಮ್ಮದು ಎಂದು ಕೆಲವರು ಆಗಲೇ ಜಗಳ ತೆಗೆದಿದ್ದರು. ನೀಲಗಂಗವ್ವ ಯಾರ ಕಡೆಗೂ ನೋಡಲಿಲ್ಲ. ಹಂಡೆಯ ತಳದಲ್ಲಿ ಉಳಿದಿದ್ದ ಗಸಿಯನ್ನು ಬಕೆಟ್ಟಿಗೆ ಬಳಿದುಕೊಂಡು ಹಿತ್ತಿಲ ಬಾಗಿಲಿಗೆ ಹೋದಳು. ಮೂರು ದಿನದಿಂದ ಹಾಕಿದ್ದ ಅಗುಳಿ ತೆಗೆದಳು. ಹೊಸಿಲಿನ ಆಚೆ ಹಿತ್ತಿಲಿರಲಿಲ್ಲ, ಬರೀ ಆಕಾಶ. ಗಾಳಿ ಒಳಗೆ ನುಗ್ಗಿ ಅವಳ ಸೆರಗು ಹಾರಿಸಿತು. ಬಾಗಿಲ ಚೌಕಟ್ಟನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯಿಂದ ಬಕೆಟ್ಟು ಬೀಸಿ ನೀರೆಸೆದಳು. ಬಿಸಿಲಿನಲ್ಲಿ ನೊರೆ ಬಿಳಿಯಾಗಿ ಹರಡಿ ಕೆಳಗೆ ಹೋಯಿತು. ನಾನು ಅವಳ ಹಿಂದೆ ನಿಂತು ನಾಲ್ಕರವರೆಗೆ ಎಣಿಸಿದೆ, ಕೆಳಗೆ ಬಿದ್ದ ಸದ್ದು ಕೇಳಲಿಲ್ಲ.

"ಎಷ್ಟ್ ಚೊಲೋ ಆತ್ರಿ!" ಎಂದಳು ನನ್ನತ್ತ ತಿರುಗಿ, ಮುಖದ ತುಂಬ ನಗು. "ಇನ್ ಮ್ಯಾಲೆ ಬಚ್ಚಲಾ ಬಳಿಯೂ ಕೆಲಸಾ ಇಲ್ಲ."